ಕರೆಂಟ್ ಹೋದದ್ದು ಒಂದು ನೆಪ

ಮುಂಗಾರಿನ ಮೊದಲ ಗಾಳಿಮಳೆ ಬಿದ್ದ ಮರುದಿನ, ಕೊಪ್ಪಳವಿರಲಿ ಕುಷ್ಟಗಿಯಿರಲಿ, ಕಂಪ್ಯೂಟರ್ ರಿಪೇರಿ ಅಂಗಡಿಗೆ ಒಂದೆರಡು ಹಳೆಯ ಸಿಪಿಯು ಡಬ್ಬಿಗಳು ಬಂದೇ ಬರುತ್ತವೆ. ತಂದವರ ದೂರು ಒಂದೇ: “ನಿನ್ನಿ ತನಕ ಚಲೋ ಇತ್ರಿ. ರಾತ್ರಿ ಕರೆಂಟ್ ಹೋಗಿ ಬಂದ ಮ್ಯಾಲೆ ತಾನ ಬಂದ್ ಆಗಿ ತಾನ ಆನ್ ಆಗಾಕತ್ತೈತಿ.” ಮನೆಮನೆಗೆ ಮೊಬೈಲ್ ಬಂದ ಮೇಲೆ ಇಂಥ ಡಬ್ಬಿಗಳು ಕಡಿಮೆಯಾದವು, ದೂರು ಮಾತ್ರ ಹಾಗೇ ಉಳಿದಿದೆ. ಅದನ್ನು ಕೇಳಿದಾಗಲೆಲ್ಲ 2000ದಿಂದ ಮುಂದಿನ ಹತ್ತು ಹನ್ನೆರಡು ವರ್ಷಗಳು, ನಮ್ಮ ಸೀಮೆಯ ಮಧ್ಯಮ ವರ್ಗದ ಮನೆಗಳಿಗೆ ಮೊದಲ ಕಂಪ್ಯೂಟರ್ ಕಾಲಿಟ್ಟ ಕಾಲ, ಎದ್ದು ಬರುತ್ತದೆ. ಆಗ ಎರಡು ಮಾತನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಕರೆಂಟ್ ಹೋದದ್ದರಿಂದ ಕಂಪ್ಯೂಟರ್ ಕೆಡುತ್ತದೆ ಎಂಬುದು ಒಂದು. ಕೆಟ್ಟ ಕಂಪ್ಯೂಟರಿಗೆ ಫಾರ್ಮ್ಯಾಟ್ ಮಾಡುವುದೇ ಮದ್ದು ಎಂಬುದು ಇನ್ನೊಂದು. ಈಗ ತಿರುಗಿ ನೋಡಿದರೆ ಮೊದಲನೆಯದು ಅರ್ಧ ಸತ್ಯ. ಎರಡನೆಯದು ಅದಕ್ಕಿಂತಲೂ ಕಡಿಮೆ. ಆ ನಂಬಿಕೆಯಿಂದ ಕಳೆದುಕೊಂಡದ್ದೂ ಸಣ್ಣದಲ್ಲ.

ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ, ರಾಯಚೂರಿನಿಂದ ಬೇರ್ಪಟ್ಟು. ಹೊಸ ಜಿಲ್ಲೆ, ಹೊಸ ಕಚೇರಿಗಳು, ಅವುಗಳ ಬೆನ್ನಿಗೇ ಕಂಪ್ಯೂಟರು. ಭೂಮಿ ಯೋಜನೆ ಬಂದು ತಾಲೂಕು ಕಚೇರಿಯಲ್ಲಿ ಪಹಣಿ ಮುದ್ರಣವಾಗಿ ಕೈಗೆ ಬರತೊಡಗಿದಾಗ, ಯಲಬುರ್ಗಾದ ರೈತನೂ ಆ ಯಂತ್ರವನ್ನು ಕಿಟಕಿಯಾಚೆಯಿಂದ ಕಂಡ. ಬಸ್‌ಸ್ಟ್ಯಾಂಡ್ ಸುತ್ತ ಡಿಟಿಪಿ ಅಂಗಡಿಗಳು ಹುಟ್ಟಿದವು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಚುನಾವಣೆಯ ಚೀಟಿ ಎಲ್ಲ ಪೇಜ್‌ಮೇಕರಿನಲ್ಲಿ ತಯಾರಾದವು. ಗಂಗಾವತಿಯ ಅಕ್ಕಿ ಗಿರಣಿಗಳ ಕೈಬರಹದ ಖಾತೆ ಪುಸ್ತಕಗಳು ಒಂದೊಂದಾಗಿ ಟ್ಯಾಲಿಗೆ ಜಾಗ ಬಿಟ್ಟವು. ಮನೆಗೆ ಬಂದದ್ದು ಹೆಚ್ಚಾಗಿ ಅಸೆಂಬಲ್ ಮಾಡಿದ ಕಂಪ್ಯೂಟರ್: ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಬಿಡಿಭಾಗ ತರಿಸಿ, ಊರಿನ ಹುಡುಗನೊಬ್ಬ ಜೋಡಿಸಿ ಕೊಟ್ಟದ್ದು. ಟಿವಿ ಪಕ್ಕದ ಟೇಬಲ್ಲಿನ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದ್ದು ಅದು ಕೂತಿರುತ್ತಿತ್ತು. ಆನ್ ಮಾಡುವ ಮೊದಲು ಕಾಲು ತೊಳೆದು ಬರಬೇಕೆಂಬ ಮನೆಗಳೂ ಇದ್ದವು. ಆ ಭಯಭಕ್ತಿಯನ್ನು ಈಗ ನೆನೆದರೆ ನಗು ಬರುತ್ತದೆ. ಆದರೆ ತಿಂಗಳ ಪಗಾರದ ಎಷ್ಟೋ ಪಟ್ಟು ಬೆಲೆಯ, ಸಾಲ ಮಾಡಿ ತಂದ ವಸ್ತುವದು. ಭಕ್ತಿ ಅಲ್ಲಿ ಲೆಕ್ಕಾಚಾರದ ಇನ್ನೊಂದು ಹೆಸರಾಗಿತ್ತು.

ಅದಕ್ಕೆ ಸಿಗುತ್ತಿದ್ದ ಕರೆಂಟಿನ ಸ್ಥಿತಿ ಏನಿತ್ತು? ತುಂಗಭದ್ರಾ ಅಣೆಕಟ್ಟಿನ ಬುಡದ ಮುನಿರಾಬಾದಿನಲ್ಲಿ ವಿದ್ಯುದಾಗಾರವಿದೆ; ಅದು ಕೊಪ್ಪಳ ತಾಲೂಕಿನ ಊರು. ಆದರೆ ಕರೆಂಟು ಹುಟ್ಟಿದ ಊರಿನಲ್ಲೇ ಉಳಿಯಬೇಕೆಂಬ ಕಾನೂನಿಲ್ಲ. ಹಳ್ಳಿಗಳಲ್ಲಿ ಪಂಪ್‌ಸೆಟ್ಟಿಗೆ ಕೆಲವು ತಾಸು ತ್ರೀಫೇಸ್, ಉಳಿದ ಹೊತ್ತು ದೀಪಕ್ಕೆಂದು ಸಿಂಗಲ್‌ಫೇಸ್ ಕೊಡುತ್ತಿದ್ದರು. ಕುಷ್ಟಗಿ, ಯಲಬುರ್ಗಾ ಕಡೆ ಕಾಲುವೆ ನೀರಿನ ಆಸರೆ ಇಲ್ಲದ ಊರುಗಳಲ್ಲಿ ಬೋರ್‌ವೆಲ್ಲೇ ಜೀವ. ಸಿಂಗಲ್‌ಫೇಸ್ ಬಂದಾಗಲೂ ಕಂಡೆನ್ಸರ್ ಹಾಕಿ ಮೋಟರ್ ಓಡಿಸುತ್ತಿದ್ದ ರೈತರನ್ನು ಬೈಯುವುದು ಸುಲಭ. ಒಣಗುವ ಮೆಣಸಿನಗಿಡದ ಮುಂದೆ ನಿಂತವನಿಗೆ ಬೇರೆ ದಾರಿ ಇರಲಿಲ್ಲ. ಫಲವಾಗಿ ಮನೆಗಳಲ್ಲಿ ಬಲ್ಬು ಕೆಂಪಗೆ ಉರಿಯುತ್ತಿತ್ತು. ಹಳ್ಳಿಯ ಮನೆಗಳಿಗೂ ಪಂಪ್‌ಸೆಟ್ಟುಗಳಿಗೂ ಫೀಡರ್ ಬೇರೆ ಮಾಡುವ ನಿರಂತರ ಜ್ಯೋತಿ ಯೋಜನೆ ಬಂದದ್ದು ಆಮೇಲೆ. ಕೆಇಬಿ ಹೋಗಿ ಕೆಪಿಟಿಸಿಎಲ್ ಬಂತು, 2002ರಲ್ಲಿ ನಮ್ಮ ಪಾಲಿಗೆ ಜೆಸ್ಕಾಂ ಬಂತು. ಜನರ ಬಾಯಲ್ಲಿ ಇಂದಿಗೂ ಅದು ಕೆಇಬಿಯೇ. 2012ರ ಜುಲೈ 30 ಮತ್ತು 31ರಂದು ಉತ್ತರ, ಪೂರ್ವ ಮತ್ತು ಈಶಾನ್ಯ ಭಾರತದ ಗ್ರಿಡ್‌ಗಳು ಕುಸಿದು 60 ಕೋಟಿಗೂ ಹೆಚ್ಚು ಜನ ಕತ್ತಲಲ್ಲಿ ಉಳಿದಾಗ ಇಲ್ಲಿ ಅದರ ಸೋಂಕೂ ತಟ್ಟಲಿಲ್ಲ. ದಕ್ಷಿಣದ ಗ್ರಿಡ್ ಉಳಿದದ್ದರ ಜೊತೆ ಒಂದೇ ಲಯದಲ್ಲಿ ಕೂಡಿಕೊಂಡದ್ದು 2013ರ ಡಿಸೆಂಬರ್ 31ಕ್ಕೆ, ರಾಯಚೂರು–ಸೊಲ್ಲಾಪುರ ಲೈನ್ ಮೂಲಕ. ನಮ್ಮ ಮನೆಗಳ ಕತ್ತಲೆ ಬರುತ್ತಿದ್ದದ್ದು ಅಷ್ಟು ದೂರದಿಂದಲ್ಲ. ಓಣಿಯ ಮೂಲೆಯ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಡುವುದು, ಗಾಳಿಗೆ ಬೇವಿನ ಟೊಂಗೆ ತಂತಿಗೆ ತಾಗುವುದು, ಲೈನ್‌ಮನ್ ರಿಪೇರಿಗೆಂದು ಎಲ್‌ಸಿ ತೆಗೆದುಕೊಂಡು ಲೈನ್ ಬಂದ್ ಮಾಡಿಸುವುದು: ಇಷ್ಟೇ.

ಕರೆಂಟ್ ಹೋದ ಆ ಕ್ಷಣದಲ್ಲಿ ಕಂಪ್ಯೂಟರಿಗೆ ಆಗುವ ಹಾನಿ ನಾವು ಅಂದುಕೊಂಡಷ್ಟಿಲ್ಲ ಎಂಬುದು ನನ್ನ ಮೊದಲ ವಾದ. ಹಾರ್ಡ್‌ಡಿಸ್ಕಿನ ಮುಳ್ಳು ತಟ್ಟೆಯ ಮೇಲೆ ಬಿದ್ದು ಗೀರುತ್ತದೆ ಎಂದು ಹೆದರಿಸುತ್ತಿದ್ದರು. ವಾಸ್ತವದಲ್ಲಿ, ತಿರುಗುತ್ತಿರುವ ತಟ್ಟೆಯ ಉಳಿದ ವೇಗದಿಂದಲೇ ವಿದ್ಯುತ್ ಉತ್ಪಾದಿಸಿಕೊಂಡು ಆ ಮುಳ್ಳನ್ನು ಸುರಕ್ಷಿತ ಜಾಗಕ್ಕೆ ಎಳೆದುಕೊಳ್ಳುವ ವ್ಯವಸ್ಥೆ ಡಿಸ್ಕುಗಳಲ್ಲಿ ಬಹಳ ಹಿಂದೆಯೇ ಬಂದಿದೆ. ವಿಂಡೋಸ್ 98ರ ಕಾಲದ ಫ್ಯಾಟ್ ವ್ಯವಸ್ಥೆಯಲ್ಲಿ ಅರ್ಧ ಬರೆದ ಕಡತಗಳು ಚೆಲ್ಲಾಪಿಲ್ಲಿಯಾಗುತ್ತಿದ್ದವು, ನಿಜ. ಮುಂದಿನ ಸಲ ನೀಲಿ ಪರದೆಯ ಸ್ಕ್ಯಾನ್‌ಡಿಸ್ಕ್ ಓಡಿ ಚೂರುಗಳನ್ನು ಗುಡಿಸಿಡುತ್ತಿತ್ತು. ಎಕ್ಸ್‌ಪಿಯ ಎನ್‌ಟಿಎಫ್‌ಎಸ್ ಇದಕ್ಕಿಂತ ಜಾಣ. ಮಾಡಲಿರುವ ಬದಲಾವಣೆಯನ್ನು ಮೊದಲು ದಿನಚರಿಯಲ್ಲಿ ಬರೆದುಕೊಂಡು, ನಡುವೆ ಕರೆಂಟ್ ಹೋದರೆ ಆಮೇಲೆ ಸರಿಪಡಿಸಿಕೊಳ್ಳುತ್ತಿತ್ತು. ತೆರೆದಿಟ್ಟ ಕಡತ ಹಾಳಾಗಬಹುದು, ಇಡೀ ಡಿಸ್ಕ್ ಹಾಳಾಗುವುದು ಅಪರೂಪ.

ಕಂಟಕವಿರುವುದು ನಿಲ್ಲುವುದರಲ್ಲಲ್ಲ, ಮತ್ತೆ ಶುರುವಾಗುವುದರಲ್ಲಿ. ಮೊಣಕಾಲು ಸವೆದ ಅಜ್ಜ ನಡೆಯುತ್ತಿರುವಷ್ಟು ಹೊತ್ತು ನಡೆಯುತ್ತಾನೆ, ಕಟ್ಟೆಯ ಮೇಲೆ ಕೂತನೆಂದರೆ ಏಳಲಾರ. ಹಳೆಯ ಕಂಪ್ಯೂಟರಿನ ಮೂರು ಭಾಗಗಳು ಹೀಗೆಯೇ ಮೋಸ ಮಾಡುತ್ತವೆ. ಮೊದಲನೆಯದು ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ 3 ವೋಲ್ಟಿನ ಸಿಆರ್2032 ಸೆಲ್. ಗೋಡೆಯ ಸ್ವಿಚ್ ಆನ್ ಇರುವವರೆಗೆ ಬೋರ್ಡಿನ ಗಡಿಯಾರ ಮತ್ತು ಬಯೋಸ್ ಸೆಟ್ಟಿಂಗ್ ಮುಖ್ಯ ಕರೆಂಟಿನ ಮೇಲೇ ಬದುಕುತ್ತವೆ. ಸೆಲ್ ಸತ್ತು ವರ್ಷವಾಗಿದ್ದರೂ ಗೊತ್ತಾಗುವುದಿಲ್ಲ. ಕರೆಂಟ್ ಪೂರ್ತಿ ಹೋದ ದಿನ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಓಡುತ್ತದೆ, ಸೆಟ್ಟಿಂಗುಗಳು ಕಾರ್ಖಾನೆಯಿಂದ ಬಂದಾಗಿನ ಸ್ಥಿತಿಗೆ ಮರಳುತ್ತವೆ. ಎರಡನೆಯದು ಫ್ಯಾನು. ಬೇರಿಂಗಿನ ಎಣ್ಣೆ ಒಣಗಿ ಧೂಳು ಮೆತ್ತಿದ ಫ್ಯಾನು ತಿರುಗುವ ರಭಸದಲ್ಲಿ ತಿರುಗುತ್ತಲೇ ಇರುತ್ತದೆ. ಒಮ್ಮೆ ನಿಂತರೆ ಮತ್ತೆ ಎದ್ದೇಳುವ ಶಕ್ತಿ ಇರುವುದಿಲ್ಲ. ಆಗ ಪ್ರೊಸೆಸರ್ ಕಾದು, ಕೆಲವೇ ನಿಮಿಷದಲ್ಲಿ ಯಂತ್ರ ತನ್ನನ್ನು ತಾನೇ ಬಂದ್ ಮಾಡಿಕೊಳ್ಳುತ್ತದೆ. ಮೂರನೆಯದು ಕೆಪಾಸಿಟರ್. ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಎಸ್‌ಎಂಪಿಎಸ್‌ನಲ್ಲೂ ಮದರ್‌ಬೋರ್ಡಿನಲ್ಲೂ ಇರುವ ಈ ಪುಟ್ಟ ಡಬ್ಬಿಗಳ ಒಳಗೆ ದ್ರವವಿರುತ್ತದೆ. ಶಾಖ 10 ಡಿಗ್ರಿ ಏರಿದರೆ ಅವುಗಳ ಆಯುಷ್ಯ ಹತ್ತಿರ ಹತ್ತಿರ ಅರ್ಧವಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ನಮ್ಮ ಸೀಮೆಯಲ್ಲಿ, ಬಟ್ಟೆ ಹೊದ್ದು ಕೂತ ಡಬ್ಬಿಯೊಳಗೆ ಎಷ್ಟಿರಬಹುದೋ ಊಹಿಸಿ. ಸಾಲದ್ದಕ್ಕೆ 1999ರಿಂದ 2007ರ ಆಸುಪಾಸಿನ ಬೋರ್ಡುಗಳಲ್ಲಿ ಕಳಪೆ ಕೆಪಾಸಿಟರುಗಳು ಜಗತ್ತಿನಾದ್ಯಂತ ತುಂಬಿದ್ದವು. ತಲೆ ಉಬ್ಬಿ, ಕಂದು ರಸ ಒಸರಿ ಸತ್ತವು. ನಾವು ಕಂಪ್ಯೂಟರ್ ಕೊಂಡದ್ದು ಸರಿಯಾಗಿ ಅದೇ ಕಾಲದಲ್ಲಿ. ಮುದಿ ಕೆಪಾಸಿಟರ್ ಬಿಸಿಯಿದ್ದಾಗ ಹೇಗೋ ನಿಭಾಯಿಸುತ್ತದೆ, ತಣ್ಣಗಾದ ಮೇಲೆ ಸೋಲುತ್ತದೆ. ಎರಡು ಮೂರು ಸಲ ಗುಂಡಿ ಒತ್ತಿದ ಮೇಲೆ ಆನ್ ಆಗುವ ಕಂಪ್ಯೂಟರಿನ ಗುಟ್ಟು ಇದೇ. ಈ ಮೂರೂ ಮೊದಲೇ ಕೆಟ್ಟಿದ್ದವು. ಕರೆಂಟ್ ಹೋಗಿ ಅದನ್ನು ಬಯಲು ಮಾಡಿತು.

ಹಾಗೆಂದು ಕರೆಂಟನ್ನು ಪೂರ್ತಿ ನಿರ್ದೋಷಿ ಎನ್ನಲಾರೆ. ಹೋಗುವ ಕರೆಂಟಿಗಿಂತ ಬರುವ ಕರೆಂಟು ಅಪಾಯಕಾರಿ. ಆಟೋ ಸ್ಟಾರ್ಟರ್ ಹಾಕಿಟ್ಟ ಹೊಲದ ಮೋಟರುಗಳು ಕರೆಂಟ್ ಬಂದೊಡನೆ ಒಟ್ಟಿಗೇ ಏಳುತ್ತವೆ. ಏಳುವ ಮೋಟರ್ ಓಡುವ ಮೋಟರಿಗಿಂತ ಐದಾರು ಪಟ್ಟು ಹೆಚ್ಚು ಕರೆಂಟ್ ಎಳೆಯುತ್ತದೆ. ಗಂಗಾವತಿಯಲ್ಲಿ ಗಿರಣಿಯ ಭಾರಿ ಮೋಟರುಗಳದೂ ಇದೇ ಕಥೆ. ವೋಲ್ಟೇಜ್ ಕುಸಿದು, ಜಿಗಿದು, ಮತ್ತೆ ಟ್ರಿಪ್ಪಾಗಿ, ಮತ್ತೆ ಬಂದು ನೆಲೆಗೆ ನಿಲ್ಲಲು ಕೆಲವು ನಿಮಿಷ ಬೇಕು. ಆ ಹೊಯ್ದಾಟದಲ್ಲೇ ನಾವು ಅವಸರದಿಂದ ಕಂಪ್ಯೂಟರ್ ಆನ್ ಮಾಡುತ್ತಿದ್ದೆವು, ಮತ್ತೆ ಯಾವಾಗ ಹೋಗುತ್ತದೋ ಎಂಬ ಆತಂಕ ಬೇರೆ. ಇದಕ್ಕಿಂತ ಕೆಟ್ಟದ್ದು ನ್ಯೂಟ್ರಲ್ ಕಟ್ಟಾಗುವುದು. ಗಾಳಿಗೆ ಟಿಸಿಯ ಬಳಿ ನ್ಯೂಟ್ರಲ್ ತಂತಿ ಬಿಟ್ಟುಹೋದರೆ, ಬೇರೆ ಬೇರೆ ಫೇಸಿನ ಮನೆಗಳು 400 ವೋಲ್ಟನ್ನು ತಮ್ಮೊಳಗೆ ಹಂಚಿಕೊಳ್ಳಬೇಕಾಗುತ್ತದೆ, ಕಡಿಮೆ ಉಪಕರಣ ಹಚ್ಚಿದ ಮನೆಗೆ ಹೆಚ್ಚಿನ ಪಾಲು. ಒಂದೇ ರಾತ್ರಿ ಓಣಿಯ ಟಿವಿಗಳೆಲ್ಲ ಸುಡುವುದು ಹೀಗೆ. ಇದು ಕರೆಂಟ್ ಹೋದದ್ದರ ಹಾನಿಯಲ್ಲ, ತಪ್ಪಾಗಿ ಬಂದದ್ದರ ಹಾನಿ.

ಅರ್ಥಿಂಗ್ ವಿಷಯದಲ್ಲಿ ಮನೆಯವರದೇ ತಪ್ಪು. ಕ್ಯಾಬಿನೆಟ್ ಮುಟ್ಟಿದರೆ ಜುಂ ಎನ್ನುವುದು, ಟೆಸ್ಟರ್ ಹಚ್ಚಿದರೆ ಹೊಳೆಯುವುದು ಆಗ ಎಲ್ಲರ ಮನೆಯ ಅನುಭವ. ಚಪ್ಪಲಿ ಹಾಕಿಕೊಂಡು ಕೂರುವುದೇ ಪರಿಹಾರವಾಗಿತ್ತು. ಅರ್ಥಿಂಗ್ ಇಲ್ಲದ ಸಾಕೆಟ್ಟಿನಲ್ಲಿ ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರುಗಳು ಡಬ್ಬಿಯ ಮೈಗೆ ಮುಖ್ಯ ವೋಲ್ಟೇಜಿನ ಅರ್ಧದಷ್ಟು ದಾಟಿಸುತ್ತವೆ. ಕರೆಂಟಿನ ಪ್ರಮಾಣ ಅತ್ಯಲ್ಪವಾದ್ದರಿಂದ ಜೀವಕ್ಕೆ ಅಪಾಯ ಕಡಿಮೆ, ಆದರೆ ಆ ಜುಂ ಒಂದು ಎಚ್ಚರಿಕೆ. ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿ ತೋಡಿಸಿದ ಮನೆಗಳಲ್ಲೂ ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುವವರು ವಿರಳ. ಮಸಾರಿ ನೆಲ ಬೇಗ ಆರುತ್ತದೆ, ಎರಿ ನೆಲ ಬಿರಿಯುತ್ತದೆ. ಎರಡರಲ್ಲೂ ಒಣಗಿದ ಗುಂಡಿ ಹೆಸರಿಗೆ ಮಾತ್ರ. ಧೂಳಿನ ಮಾತು ಬೇರೆಯೇ ಇದೆ. ಗಿಣಿಗೇರಿ ಸುತ್ತಿನ ಊರುಗಳ ಜನ ಕಾರ್ಖಾನೆಯ ಕರಿಧೂಳಿನ ಬಗ್ಗೆ ವರ್ಷಗಳಿಂದ ದೂರುತ್ತಿದ್ದಾರೆ. ಬಟ್ಟೆಯ ಮೇಲೆ ಕೂತದ್ದು ಫ್ಯಾನಿನೊಳಗೂ ಕೂತಿರುತ್ತದೆ.

ಈಗ ಫಾರ್ಮ್ಯಾಟಿನ ಪ್ರಶ್ನೆ. “ಸರ, ವಿಂಡೋಸ್ ಹೋಗೈತ್ರಿ, ಫಾರ್ಮ್ಯಾಟ್ ಹೊಡಿಬೇಕು” ಎಂಬ ಮಾತು ಆ ಕಾಲದ ಎಷ್ಟು ಮನೆಗಳಲ್ಲಿ ಕೇಳಿಬಂದಿಲ್ಲ? ಹೇಳುತ್ತಿದ್ದ ಹುಡುಗರು ಡಿಪ್ಲೊಮಾ ಮುಗಿಸಿದವರು, ಕೆಲವರು ಅದನ್ನೂ ಮುಗಿಸದವರು. ಬೈಕಿನ ಮೇಲೆ ಸಿಡಿಗಳ ಪೌಚು, ಸ್ಕ್ರೂಡ್ರೈವರ್ ಇಟ್ಟುಕೊಂಡು ಊರೆಲ್ಲ ಸುತ್ತುತ್ತಿದ್ದರು. ಇಂಗ್ಲಿಷಿನ ಕೈಪಿಡಿ ಓದದೆ, ಇಂಟರ್ನೆಟ್ ನೆರವಿಲ್ಲದೆ, ಕೈಯಿಂದಲೇ ವಿದ್ಯೆ ಕಲಿತ ಅವರ ಬಗ್ಗೆ ನನಗೆ ಗೌರವವಿದೆ. ಅವರಿಲ್ಲದಿದ್ದರೆ ಜಿಲ್ಲೆಯ ಆಗಿನ ನಾಲ್ಕು ತಾಲೂಕುಗಳಲ್ಲಿ ಕಂಪ್ಯೂಟರ್ ಬೇರೂರುತ್ತಿರಲಿಲ್ಲ. ಸಿ ಡ್ರೈವಿನಲ್ಲಿ ಏನೂ ಇಡಬೇಡಿ, ಡಿ ಡ್ರೈವಿನಲ್ಲಿಡಿ ಎಂದು ಪಾಠ ಹೇಳಿದವರೂ ಅವರೇ. ಆದರೆ ಜನ ಇಡುತ್ತಿದ್ದದ್ದು ಡೆಸ್ಕ್‌ಟಾಪಿನ ಮೇಲೆ, ಮೈ ಡಾಕ್ಯುಮೆಂಟ್ಸ್‌ನಲ್ಲಿ. ಎರಡೂ ಇರುವುದು ಸಿ ಡ್ರೈವಿನಲ್ಲೇ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಸಂಘದ ವರದಿ, ಮದುವೆಯ ಫೋಟೊ, ಯಾರೋ ಮೇಷ್ಟ್ರು ತಿಂಗಳುಗಟ್ಟಲೆ ಕೂಡಿಸಿದ ಊರಿನ ಗಾದೆಗಳ ಪಟ್ಟಿ, ಇಂಥವೆಲ್ಲ ಅರ್ಧ ತಾಸಿನಲ್ಲಿ ಇಲ್ಲವಾದವು. ಎಕ್ಸ್‌ಪಿಯಲ್ಲಿ ಕರೆಂಟ್ ಹೋದ ಮೇಲೆ ಬರುತ್ತಿದ್ದ ಕುಖ್ಯಾತ ಸಂದೇಶವೊಂದಿತ್ತು: ಸಿಸ್ಟಮ್32ರ ಕಾನ್ಫಿಗ್ ಫೋಲ್ಡರಿನ ಸಿಸ್ಟಮ್ ಕಡತ ಕಾಣೆಯಾಗಿದೆ ಅಥವಾ ಕೆಟ್ಟಿದೆ ಎಂದು. ಅದೇ ಕಡತದ ಹಳೆಯ ಪ್ರತಿಯನ್ನು ವಿಂಡೋಸ್ ತನ್ನದೇ ರಿಪೇರ್ ಎಂಬ ಫೋಲ್ಡರಿನಲ್ಲಿ ಇಟ್ಟುಕೊಂಡಿರುತ್ತಿತ್ತು. ವಿಂಡೋಸ್ ಸಿಡಿಯಿಂದ ಶುರು ಮಾಡಿ ನಕಲು ಮಾಡಿದ್ದರೆ ಯಂತ್ರ ಮತ್ತೆ ಏಳುತ್ತಿತ್ತು, ಫೋಟೊಗಳು ಇದ್ದಲ್ಲೇ ಉಳಿಯುತ್ತಿದ್ದವು.

ಫಾರ್ಮ್ಯಾಟ್ ಮಾಡಿದ ಮೇಲೆ ಸರಿಹೋಗುತ್ತಿತ್ತಲ್ಲ, ಫಲ ಕೊಟ್ಟ ಮದ್ದನ್ನು ಹಳಿಯುವುದೇಕೆ ಎಂದು ಕೇಳಬಹುದು. ಸರಿಹೋಗುತ್ತಿತ್ತು, ಒಪ್ಪುತ್ತೇನೆ. ಏಕೆ ಸರಿಹೋಗುತ್ತಿತ್ತು ಎಂಬುದೇ ವಿಷಯ. ಒಂದು, ಆ ಹುಡುಗ ಡಬ್ಬಿ ಬಿಚ್ಚಿ ಧೂಳು ಊದಿ, ರ‍್ಯಾಮ್ ತೆಗೆದು ರಬ್ಬರಿನಿಂದ ಅದರ ಹಳದಿ ಹಲ್ಲುಗಳನ್ನು ತಿಕ್ಕಿ, ಕೇಬಲ್ಲುಗಳನ್ನು ಒತ್ತಿ ಕೂರಿಸುತ್ತಿದ್ದ. ಅರ್ಧ ಕಾಯಿಲೆ ಅಲ್ಲಿಗೇ ಮುಗಿಯುತ್ತಿತ್ತು. ಹೆಸರು ಫಾರ್ಮ್ಯಾಟಿಗೆ ಬರುತ್ತಿತ್ತು. ಎರಡು, ಸೆಲ್ ಸತ್ತು ಬಯೋಸ್ ಸೆಟ್ಟಿಂಗ್ ಅಳಿಸಿದಾಗ ಡಿಸ್ಕ್ ಓದುವ ವಿಧಾನವೇ ಬದಲಾಗಿರಬಹುದು. ಮೊದಲು ಒಂದು ವಿಧಾನದಲ್ಲಿ ಹಾಕಿದ ವಿಂಡೋಸ್ 7 ಇನ್ನೊಂದರಲ್ಲಿ ನೀಲಿ ಪರದೆ ತೋರಿಸಿ ಸಾಯುತ್ತದೆ. ಹೊಸದಾಗಿ ಹಾಕಿದರೆ ಬದಲಾದ ವಿಧಾನಕ್ಕೆ ಹೊಂದಿಕೊಂಡು ನಡೆಯುತ್ತದೆ. ಬಯೋಸಿನಲ್ಲಿ ಒಂದು ಸಾಲು ಬದಲಿಸಿ, ಕೆಲವೇ ರೂಪಾಯಿಯ ಸೆಲ್ ಹಾಕಿದ್ದರೆ ಮುಗಿಯುವ ಕೆಲಸಕ್ಕೆ ಮನೆಯ ನೆನಪುಗಳನ್ನೆಲ್ಲ ಅಳಿಸಿದ್ದು ಹೀಗೆ. ಮೂರು, ಕೆಪಾಸಿಟರ್ ಅಥವಾ ಫ್ಯಾನಿನ ದೋಷವಿದ್ದಲ್ಲಿ ಫಾರ್ಮ್ಯಾಟ್ ಫಲ ಕೊಡುತ್ತಲೇ ಇರಲಿಲ್ಲ. ಹದಿನೈದು ದಿನದಲ್ಲಿ ಅದೇ ಕಂಪ್ಯೂಟರ್ ಅದೇ ದೂರಿನೊಂದಿಗೆ ಮರಳುತ್ತಿತ್ತು. ಅದನ್ನು ನಾವು ಕರೆಂಟಿನ ಲೆಕ್ಕಕ್ಕೆ ಬರೆಯುತ್ತಿದ್ದೆವು.

ಯುಪಿಎಸ್ ಇದ್ದರೆ ಈ ಯಾವ ತಾಪತ್ರಯವೂ ಇಲ್ಲ ಎನ್ನುವವರಿದ್ದಾರೆ. ಮನೆಯ 600 ವಿಎ ಯುಪಿಎಸ್‌ನೊಳಗಿನ 12 ವೋಲ್ಟಿನ ಬ್ಯಾಟರಿ ಎರಡು ಮೂರು ವರ್ಷದ ಬಾಳಿಕೆಯದು, ನಮ್ಮ ಶಾಖಕ್ಕೆ ಇನ್ನೂ ಕಡಿಮೆ. ಸತ್ತ ಬ್ಯಾಟರಿಯ ಯುಪಿಎಸ್ ಕರೆಂಟ್ ಇರುವಾಗ ಹಸಿರು ದೀಪ ಬೆಳಗಿಸಿಕೊಂಡು ಆರಾಮಾಗಿ ಕೂತಿರುತ್ತದೆ. ಬ್ಯಾಟರಿ ಹೊಸದಾಗಿದ್ದರೂ “ಯುಪಿಎಸ್ ಇದ್ರೂ ರೀಸ್ಟಾರ್ಟ್ ಆಗತೈತ್ರಿ” ಎಂಬ ದೂರು ಬರುತ್ತದಲ್ಲ, ಅದಕ್ಕೆ ಕಾರಣವಿದೆ. ಕರೆಂಟಿನಿಂದ ಬ್ಯಾಟರಿಗೆ ದಾಟಲು ಇಂಥ ಯುಪಿಎಸ್ 4ರಿಂದ 10 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ಸುಮಾರು 16 ಮಿಲಿಸೆಕೆಂಡ್ ತಡೆದುಕೊಳ್ಳಬಲ್ಲದು. ಕೆಪಾಸಿಟರ್ ಸೊರಗಿದ್ದು ಅಷ್ಟು ತಡೆಯದು. ಅಲ್ಲಿಗೆ ಮತ್ತೆ ಮೊದಲ ಮಾತಿಗೇ ಬಂದೆವು: ದೋಷ ಡಬ್ಬಿಯೊಳಗಿದೆ.

ಇಷ್ಟು ಹಳೆಯದನ್ನು ಯಾಕೆ ರಿಪೇರಿ ಮಾಡಬೇಕು, ಎಸೆದು ಹೊಸದು ತಗೊಳ್ಳಿ ಎಂಬ ಮಾತೂ ಇದೆ, ಅದರಲ್ಲಿ ಹುರುಳಿಲ್ಲದಿಲ್ಲ. ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದೆ. ಹಳೆಯ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡಬಾರದು. ಆದರೆ ಯಂತ್ರದ ಆಯುಷ್ಯ ಬೇರೆ, ಅದರೊಳಗಿರುವುದರ ಬೆಲೆ ಬೇರೆ. ಎಸೆಯುವುದಕ್ಕಾದರೂ ಒಮ್ಮೆ ಅದನ್ನು ಎಬ್ಬಿಸಬೇಕು.

ಎಬ್ಬಿಸುವ ಕ್ರಮ ಕಷ್ಟದ್ದೇನಲ್ಲ. ಮೊದಲು ಯುಪಿಎಸ್, ಸ್ಪೈಕ್ ಗಾರ್ಡ್ ಬಿಟ್ಟು ಗೋಡೆಯ ಸಾಕೆಟ್ಟಿಗೇ ಹಚ್ಚಿ ನೋಡಿ. ಡಬ್ಬಿ ತೆರೆದು ಫ್ಯಾನು ತಿರುಗುತ್ತದೆಯೇ, ಕೆಪಾಸಿಟರ್ ತಲೆ ಉಬ್ಬಿದೆಯೇ ಕಣ್ಣಿಂದ ನೋಡಿ; ಎಸ್‌ಎಂಪಿಎಸ್ ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗೆ 325 ವೋಲ್ಟಿನಷ್ಟು ಉಳಿದಿರಬಹುದು. ತಾರೀಕು ಹಿಂದಕ್ಕೆ ಹೋಗಿದ್ದರೆ ಸೆಲ್ ಬದಲಿಸಿ. ತಾನೇ ರೀಸ್ಟಾರ್ಟ್ ಆಗುತ್ತಿದ್ದರೆ ಶುರುವಿನಲ್ಲಿ ಎಫ್8 ಒತ್ತಿ ಆ ಸ್ವಯಂಚಾಲಿತ ರೀಸ್ಟಾರ್ಟನ್ನು ನಿಲ್ಲಿಸಿ, ಹೊಸ ವಿಂಡೋಸಿನಲ್ಲಿ ಈ ದಾರಿ ಬೇರೆ. ಆಗ ಪರದೆ ತನ್ನ ದೋಷವನ್ನು ತಾನೇ ಹೇಳುತ್ತದೆ. ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಪೆನ್‌ಡ್ರೈವಿನಲ್ಲಿ ಲಿನಕ್ಸ್ ಹಾಕಿ ಅದರಿಂದಲೇ ಕಂಪ್ಯೂಟರ್ ಶುರು ಮಾಡಿ. ಒಂದು ತಾಸು ತಂಟೆಯಿಲ್ಲದೆ ನಡೆದರೆ ದೋಷ ವಿಂಡೋಸಿನದು ಇಲ್ಲವೇ ಡಿಸ್ಕಿನದು. ಅಲ್ಲೂ ನಿಂತುಹೋದರೆ ಎಷ್ಟು ಫಾರ್ಮ್ಯಾಟ್ ಹೊಡೆದರೂ ಪ್ರಯೋಜನವಿಲ್ಲ. ಡಿಸ್ಕ್ ಕಾಣಿಸಿದರೆ ಅದೇ ಪೆನ್‌ಡ್ರೈವಿನಿಂದ ಸಿ ಡ್ರೈವಿನ ಫೋಟೊ, ಬರಹಗಳನ್ನೆಲ್ಲ ಬೇರೆ ಕಡೆ ನಕಲು ಮಾಡಿಕೊಳ್ಳಬಹುದು. ಮಳೆಗಾಲದಲ್ಲಿ ಕರೆಂಟ್ ಹೋದಾಗ ಪ್ಲಗ್ ಕಿತ್ತಿಡಿ, ಬಂದು ಹತ್ತು ನಿಮಿಷವಾದ ಮೇಲೆ ಹಚ್ಚಿ. ಹಳೆಯ ನುಡಿ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಕಂಪ್ಯೂಟರ್ ನಡೆಯುತ್ತಿರುವಾಗಲೇ ಆ ಕೆಲಸ ಮುಗಿಸಿಕೊಳ್ಳಿ.